ದ್ರಾವಿಡಿಯನ್ಸ್ ಹಿಡಿದು ಕ್ಯಾಸಲ್ ಏಜ್ ದಾಟಿದ ಬಗೆ

ಊರು ಕಟ್ಟಿ ಸೈನ್ಯ ಬೆಳೆಸಿ ಕಾದಾಡುವ ಕಂಪ್ಯೂಟರ್ ಆಟ ಏಜ್ ಆಫ್ ಎಂಪೈರ್ಸ್ 2ಕ್ಕೆ 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ಹೆಚ್ಚುವರಿ ಭಾಗ ಬಂದಾಗ, ನಮ್ಮ ಕಡೆಯವರು ಅನ್ನೋ ಅಭಿಮಾನಕ್ಕೇ ಅದರಲ್ಲಿನ ದ್ರಾವಿಡಿಯನ್ಸ್ ಪಡೆಯನ್ನು ಆರಿಸಿಕೊಂಡೆ. ಇವತ್ತಿಗೂ ಬಿಟ್ಟಿಲ್ಲ.

ಶುರುವಿನಲ್ಲಿ ಇವರಷ್ಟು ಸುಖ ಕೊಡುವವರು ಕಡಿಮೆ. ಹೊಸ ಏಜ್‌ಗೆ, ಅಂದರೆ ಆಟದ ಮುಂದಿನ ಹಂತಕ್ಕೆ, ಏರಿದಾಗಲೆಲ್ಲ 200 ಮರ ಪುಕ್ಕಟೆ. ಎರಡನೇ ಹಂತವಾದ ಫ್ಯೂಡಲ್ ಮುಟ್ಟಿದ ಕೂಡಲೇ 175ಕ್ಕೆ ಆರ್ಚರಿ ರೇಂಜ್ (ಬಿಲ್ಲುಗಾರರನ್ನು ತಯಾರಿಸುವ ಕಟ್ಟಡ), ಉಳಿದ 25ಕ್ಕೆ ಒಂದು ಮನೆ, ಲೆಕ್ಕ ಚುಕ್ತಾ. ಸ್ಕರ್ಮಿಷರ್ ಎಂಬ ಈಟಿ ಎಸೆಯುವ ಸೈನಿಕರು 25% ಬೇಗ ಈಟಿ ಎಸೆಯುವುದರಿಂದ ಎದುರಿನ ಬಿಲ್ಲುಗಾರರು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಪೆಟ್ಟು ಬೀಳುವುದು ಮೂರನೇ ಹಂತವಾದ ಕ್ಯಾಸಲ್ ಏಜ್‌ನಲ್ಲಿ. ಇವರಿಗೆ ನೈಟ್‌ಗಳೇ (ಕವಚ ತೊಟ್ಟ ಕುದುರೆ ಸವಾರರು) ಇಲ್ಲ. ಅರೇಬಿಯಾ ಮ್ಯಾಪ್‌ನಲ್ಲಿ ಫ್ರಾಂಕ್ಸ್ ಎಂಬ ಪಡೆಯ ಎದುರು ಒಂದು ಆಟ ಇನ್ನೂ ನೆನಪಿದೆ. ನನ್ನ ಸೈನ್ಯವೆಲ್ಲ ಅವರ ಗೇಟಿನ ಮುಂದೆ. ಅಷ್ಟರಲ್ಲಿ ಆರು ನೈಟ್‌ಗಳು ಸುತ್ತು ಹೊಡೆದು ಬಂದು ಮರ ಕಡಿಯುತ್ತಿದ್ದ ನನ್ನ ವಿಲೇಜರ್‌ಗಳ (ಕೆಲಸಗಾರರ) ಮೇಲೆ ಬಿದ್ದವು. ಕಾಲಾಳುಗಳನ್ನು ವಾಪಸ್ ಓಡಿಸಿದೆ. ಅವರು ಬರುವಷ್ಟರಲ್ಲಿ ನೈಟ್‌ಗಳು ಚಿನ್ನದ ಗಣಿಗೆ ಹೋಗಿದ್ದವು. ನೈಟ್‌ಗಳನ್ನು ಬೆನ್ನಟ್ಟಿ ಹೊಡೆಯುವಂಥ ಬಲದ ಕುದುರೆ ನಮ್ಮಲ್ಲಿ ಇಲ್ಲ ಅನ್ನುವುದರ ಅರ್ಥ ಆವತ್ತು ತಿಳಿಯಿತು.

ಆಮೇಲೆ ಆಟದ ಕ್ರಮವನ್ನೇ ಬದಲಿಸಿದೆ. ಈಗ ಕ್ಯಾಸಲ್ ಏಜ್‌ಗೆ ಒತ್ತುವ ಮೊದಲೇ ಮರದ ಜಾಗಕ್ಕೆ ಬೇಲಿ, ನಡುವಿನ ಸಂದುಗಳಿಗೆ ಮನೆಗಳು. ಏಜ್ ಬದಲಾದ ಕ್ಷಣ ಪೈಕ್‌ಮನ್ (ಕುದುರೆಗಳನ್ನು ಎದುರಿಸುವ ಉದ್ದ ಈಟಿಯ ಕಾಲಾಳು) ಅಪ್‌ಗ್ರೇಡ್. ಕಾಲಾಳುಗಳು ತಯಾರಾಗುವ ಬ್ಯಾರಕ್ಸ್‌ನಲ್ಲಿ ನಮಗೆ ಎಲ್ಲ ಅಪ್‌ಗ್ರೇಡ್‌ಗಳೂ ಅರ್ಧ ಬೆಲೆ. ಒಬ್ಬ ಪೈಕ್‌ಮನ್‌ಗೆ 35 ಆಹಾರ, 25 ಮರ, ಚಿನ್ನ ಮುಟ್ಟಬೇಕಿಲ್ಲ. ಮರದ ಹತ್ತಿರ ಮೂವರು, ಗಣಿಯ ಹತ್ತಿರ ಮೂವರನ್ನು ನಿಲ್ಲಿಸಿ ಅಲ್ಲಿಂದ ಕದಲಿಸುವುದಿಲ್ಲ. 650 ಕಲ್ಲು ಕೂಡಿದರೆ ಮೊದಲ ಕೋಟೆ ನನ್ನ ಗಣಿಯ ಪಕ್ಕದಲ್ಲೇ, ಶತ್ರುವಿನ ಬಾಗಿಲಲ್ಲಿ ಅಲ್ಲ. ಮ್ಯಾಂಗೊನೆಲ್ ಎಂಬ ಕಲ್ಲೆಸೆಯುವ ಯಂತ್ರ ಬಂದರೆ ಮಾತ್ರ ಇವತ್ತಿಗೂ ಕಷ್ಟ. ಅದಕ್ಕೆಂದೇ ನಾಲ್ಕು ಲೈಟ್ ಕ್ಯಾವಲ್ರಿ (ಹಗುರ ಕುದುರೆ ಸವಾರರು) ಇಟ್ಟುಕೊಳ್ಳುತ್ತೇನೆ. ಕುದುರೆಗಳ ಜೀವಬಲ ಹೆಚ್ಚಿಸುವ ಬ್ಲಡ್‌ಲೈನ್ಸ್ ಅಪ್‌ಗ್ರೇಡ್ ಇಲ್ಲದ ಬಡಕಲು ಕುದುರೆಗಳು, ಆದರೂ ಒಂದು ಮ್ಯಾಂಗೊನೆಲ್ ಕೆಡವಿ ಸತ್ತರೆ ನಷ್ಟವಿಲ್ಲ.

ಇಷ್ಟು ಕಾದರೆ ಕೊನೆಯ ಹಂತವಾದ ಇಂಪೀರಿಯಲ್‌ನಲ್ಲಿ ವೂಟ್ಜ್ ಸ್ಟೀಲ್ ಎಂಬ ಅಪ್‌ಗ್ರೇಡ್ ಸಿಗುತ್ತದೆ. ವೂಟ್ಜ್ ಅಂದರೆ ನಮ್ಮ 'ಉಕ್ಕು' ಪದವೇ ಇಂಗ್ಲಿಷರ ಬಾಯಲ್ಲಿ ಹಾಗಾದದ್ದು ಎನ್ನುತ್ತಾರೆ. ಆ ಬಟನ್ ಒತ್ತುವಾಗ ನನಗೆ ಪ್ರತಿ ಸಲವೂ ಖುಷಿ. ಅದಾದ ಮೇಲೆ ಕಾಲಾಳುಗಳ ಏಟಿಗೆ ಎದುರಾಳಿಯ ಕವಚ ಲೆಕ್ಕಕ್ಕೇ ಬರುವುದಿಲ್ಲ. ಮೊನ್ನೆ ಎದುರಿಗಿದ್ದದ್ದು ಟ್ಯೂಟನ್ಸ್ ಎಂಬ ಪಡೆ. ಅವರ ಟ್ಯೂಟಾನಿಕ್ ನೈಟ್ ಎಂಬ ಕಾಲಾಳುಗಳ ಕವಚದ ಮುಂದೆ ಹೆಚ್ಚಿನವರ ಕತ್ತಿ ಅಷ್ಟಾಗಿ ನಡೆಯುವುದಿಲ್ಲ. ನನ್ನ ಚಾಂಪಿಯನ್‌ಗಳು (ಕತ್ತಿಯ ಕಾಲಾಳುಗಳು) ಅವರನ್ನು ಬಾಳೆದಿಂಡಿನಂತೆ ಕಡಿದುಕೊಂಡು ಒಳಗೆ ಹೋದರು.