ಹಿತ್ತಲ ಡೆಕ್‌ಗೆ ಸೀರಿಯಲ್ ಲೈಟ್ ಹಾಕಿಸೋರಿಗೆ

ಸಕಲೇಶಪುರ, ಮೂಡಿಗೆರೆ ಕಡೆಯವರು ಬಲ್ಬಿನ ವೈರನ್ನೇ ಎಳೆದು ಕಟ್ಟಬೇಡಿ. ಮೊದಲು ಕಂಬದಿಂದ ಕಂಬಕ್ಕೆ ತೆಳು ಸ್ಟೀಲ್ ಹಗ್ಗ ಬಿಗಿದು, ಸರವನ್ನು ಅದಕ್ಕೆ ಕೇಬಲ್ ಟೈನಲ್ಲಿ ನೇತುಹಾಕಿ. ಕಪ್ಪು ಟೈ ತಗೊಳ್ಳಿ, ಬಿಳಿಯದು ಬಿಸಿಲಿಗೆ ಬೇಗ ಮುರಿಯುತ್ತೆ. ಸಿಲ್ವರ್ ಓಕ್ ಮರಕ್ಕೆ ಕಟ್ಟುವುದಾದರೆ ಸ್ವಲ್ಪ ಸಡಿಲ ಬಿಡಿ, ಗಾಳಿಗೆ ಮರ ತೂಗುತ್ತಲ್ಲ. ಪ್ಲಗ್ಗಿಗೆ ಹೋಗುವ ವೈರ್ ಸಾಕೆಟ್ಟಿಗಿಂತ ಕೆಳಗಿಳಿದು ಮತ್ತೆ ಮೇಲೇರಬೇಕು. ವೈರ್ ಹಿಡಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತೆ. ನಮ್ಮ ಮಳೆಗೆ ಐಪಿ 44 (ಧೂಳು, ನೀರು ತಡೆಯುವ ಮಟ್ಟ ಹೇಳುವ ಅಂಕಿ) ಲೈಟ್ ನಂಬಬೇಡಿ, 65 ಇರಲಿ. ಮನೆಯಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಮೊದಲು ಅದು, ಆಮೇಲೆ ಶೃಂಗಾರ. ಬಿಳಿ ಬೆಳಕಿಗಿಂತ 2700 ಕೆಲ್ವಿನ್ ಹಳದಿಗೆ ಹುಳ ಕಮ್ಮಿ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ.