ಬೋರು ಕೊರೆಸುವ ಮುನ್ನ: ಅರ್ಜಿಯಿಂದ ಮುಚ್ಚಳದವರೆಗೆ

ಕೊಪ್ಪಳ ಜಿಲ್ಲೆಯ ಯಲಬುರ್ಗಾ, ಕುಷ್ಟಗಿ, ಕುಕನೂರು ಕಡೆ ಬೇಸಿಗೆ ಶುರುವಾಗುತ್ತಿದ್ದಂತೆ ಬೋರ್ ಲಾರಿಗಳ ಓಡಾಟ ಹೆಚ್ಚುತ್ತದೆ. ಗಂಗಾವತಿ, ಕಾರಟಗಿ ಭಾಗಕ್ಕೆ ತುಂಗಭದ್ರಾ ಎಡದಂಡೆ ನಾಲೆ ಇದೆ. ಆದರೆ ಮೊದಲು ಹೇಳಿದ ಮೂರು ತಾಲೂಕಿನ ಒಣಹೊಲದ ರೈತನಿಗೆ ಮಳೆ ಬಿಟ್ಟರೆ ನೆಲದೊಳಗಿನ ನೀರೇ ಗತಿ. ದಾಳಿಂಬೆ ಗಿಡ ಕಣ್ಣೆದುರು ಬಾಡುತ್ತಿದ್ದರೆ ಯಾರಿಗಾದರೂ ಮೊದಲು ನೆನಪಾಗುವುದು ಏಜೆಂಟನ ಫೋನ್ ನಂಬರ್, ಕಚೇರಿಯಲ್ಲ. ಆ ಸಂಕಟ ಅರ್ಥವಾಗುತ್ತದೆ. ಆದರೂ ಲಾರಿ ಹೊಲಕ್ಕೆ ಬಂದ ಮೇಲೆ ಕಾಗದ ಹುಡುಕಿದರೆ ಪ್ರಯೋಜನವಿಲ್ಲ, ಆ ಕೆಲಸ ಮೊದಲೇ ಮುಗಿದಿರಬೇಕು.

‘ನನ್ನ ಹೊಲ, ನನ್ನ ನೀರು, ಕೇಳೋರ್ಯಾರು?’ ಎನ್ನುವವರಿದ್ದಾರೆ. ಈ ಮಾತಿಗೆ ಆಧಾರವಿಲ್ಲ ಎನ್ನುವಂತಿಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಜಮೀನಿನ ಒಡೆಯನಿಗೆ ತನ್ನ ನೆಲದಡಿಯ ನೀರನ್ನು ಎತ್ತಿಕೊಳ್ಳುವ ಹಕ್ಕು ಕೊಟ್ಟಿದೆ. ಆದರೆ ಆ ಕಾಯ್ದೆ ಬಂದದ್ದು ಕಪಿಲೆ, ಏತದ ಕಾಲದಲ್ಲಿ. ಇವತ್ತು ನೀವು ಹತ್ತು ಎಚ್‌ಪಿ ಮೋಟಾರು ಇಳಿಸಿದರೆ ಬದುವಿನಾಚೆಯವರ ಬೋರು ಬತ್ತಬಹುದು, ಊರಿನ ನಲ್ಲಿಯೂ ನಿಲ್ಲಬಹುದು. ಹಾಗಾಗಿಯೇ ರಾಜ್ಯದಲ್ಲಿ ಕುಡಿಯುವ ನೀರಿನ ಮೂಲಗಳನ್ನು ಕಾಯುವ 1999ರ ಅಂತರ್ಜಲ ಕಾಯ್ದೆ ಬಂತು, ಅದರ ಮೇಲೆ 2011ರ ಅಂತರ್ಜಲ ನಿಯಂತ್ರಣ ಕಾಯ್ದೆ ಬಂತು. ಈ ಎರಡನ್ನೂ ನೆನಪಿಟ್ಟುಕೊಂಡು ಹೊರಡಿ.

ಮೊದಲು ದೂರ ಅಳೆಯಿರಿ

ಬೋರು ಹಾಕಿಸಬೇಕೆಂದಿರುವ ಜಾಗದಿಂದ ಪಂಚಾಯಿತಿಯ ಕುಡಿಯುವ ನೀರಿನ ಬೋರು ಅಥವಾ ಬಾವಿ ಎಷ್ಟು ದೂರವಿದೆ ನೋಡಿ. 500 ಮೀಟರ್‌ನೊಳಗೆ ಇದ್ದರೆ ಸಕ್ಷಮ ಪ್ರಾಧಿಕಾರದ ಅನುಮತಿಯಿಲ್ಲದೆ ಕೊರೆಸುವಂತಿಲ್ಲ ಎನ್ನುತ್ತದೆ 1999ರ ಕಾಯ್ದೆ. ಮೊಬೈಲ್ ನಕ್ಷೆಯಲ್ಲಿ ಎರಡು ಬಿಂದು ಗುರುತಿಸಿದರೆ ನೇರ ದೂರ ಸಿಗುತ್ತದೆ. ದಾರಿಯ ಅಳತೆ ಹಿಡಿಯಬೇಡಿ, ದಾರಿ ಸುತ್ತುಹಾಕಿ ಹೋಗುತ್ತದೆ. ಊರಿಗೆ ನೀರು ಬಿಡುವ ಬೋರು ಯಾವ ಸರ್ವೆ ನಂಬರಿನಲ್ಲಿದೆ ಎಂಬುದು ವಾಟರ್‌ಮನ್‌ಗೆ ಗೊತ್ತಿರುತ್ತದೆ. ಪಿಡಿಒ ಬಳಿಯೂ ಕೇಳಿ ಖಚಿತ ಮಾಡಿಕೊಳ್ಳಿ.

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ನ್ಯಾಯವಾದ ನಿಯಮ ಇದು. ಒಬ್ಬರ ತೋಟ ಹಸಿರಾಗಿ ಇಡೀ ಓಣಿ ಕೊಡ ಹಿಡಿದು ಟ್ಯಾಂಕರ್ ಕಾಯುವುದನ್ನು ಈ ಭಾಗದವರು ಬರಗಾಲದಲ್ಲಿ ಸಾಕಷ್ಟು ನೋಡಿದ್ದಾರೆ.

ನಿಮ್ಮ ತಾಲೂಕು ಯಾವ ಪಟ್ಟಿಯಲ್ಲಿದೆ?

ಅಂತರ್ಜಲ ಎಷ್ಟು ಇಂಗುತ್ತದೆ, ಎಷ್ಟು ಎತ್ತುತ್ತೇವೆ ಎಂಬ ಲೆಕ್ಕದ ಮೇಲೆ ತಾಲೂಕುಗಳನ್ನು ವಿಂಗಡಿಸುತ್ತಾರೆ. ಬಳಸಬಹುದಾದ ನೀರಿನಲ್ಲಿ ಶೇ 70ರವರೆಗೆ ಎತ್ತಿದರೆ ಸುರಕ್ಷಿತ, 90ರವರೆಗೆ ಅರೆ ಕ್ಲಿಷ್ಟಕರ, 100ರವರೆಗೆ ಕ್ಲಿಷ್ಟಕರ. ನೂರು ದಾಟಿದರೆ ಅತಿಬಳಕೆ. ಅಂದರೆ ವರ್ಷದಲ್ಲಿ ಇಂಗಿದ್ದಕ್ಕಿಂತ ಹೆಚ್ಚು ನೀರು ಎತ್ತಿದ್ದೇವೆ ಎಂದರ್ಥ.

2011ರ ಕಾಯ್ದೆಯಡಿ ಸರ್ಕಾರ ಕೆಲವು ಪ್ರದೇಶಗಳನ್ನು ಅಧಿಸೂಚಿತ ಎಂದು ಘೋಷಿಸುತ್ತದೆ. ಅಲ್ಲಿ ಹೊಸ ಬೋರಿಗೆ ಮುಂಗಡ ಅನುಮತಿ ಬೇಕು, ಇರುವ ಬೋರುಗಳ ನೋಂದಣಿಯೂ ಆಗಬೇಕು. ಪಟ್ಟಿ ಆಗಾಗ ಬದಲಾಗುವುದರಿಂದ ಪಕ್ಕದೂರಿನವರ ಮಾತು ನಂಬಿ ಕೂರಬೇಡಿ. ಸಣ್ಣ ನೀರಾವರಿ ಇಲಾಖೆಗೆ ಸೇರಿದ ಅಂತರ್ಜಲ ನಿರ್ದೇಶನಾಲಯದ ಜಿಲ್ಲಾ ಕಚೇರಿಗೆ ಹೋಗಿ, ನಿಮ್ಮ ತಾಲೂಕಿನ ಹೆಸರು ಹೇಳಿ ವಿಚಾರಿಸಿ. ಅಲ್ಲಿರುವ ಭೂವಿಜ್ಞಾನಿಯಿಂದ ಇನ್ನೊಂದು ಉಪಯೋಗವಿದೆ, ಅದನ್ನು ಮುಂದೆ ಹೇಳುತ್ತೇನೆ.

ಅರ್ಜಿ ಮತ್ತು 15 ದಿನ

ಕೊರೆಸಲು ಅನುಮತಿ ಕೋರುವ ಅರ್ಜಿಯೊಂದಿಗೆ ಪಹಣಿ, ಆಧಾರ್ ಪ್ರತಿ, ಸರ್ವೆ ನಕ್ಷೆ ಇರಲಿ. ನಕ್ಷೆಯಲ್ಲಿ ಬೋರಿನ ಜಾಗ ಗುರುತಿಸಿ, ಸುತ್ತಮುತ್ತಲಿನ ಬೋರುಗಳನ್ನೂ ತೋರಿಸಿ. ನೀರು ಯಾವುದಕ್ಕೆ, ಎಷ್ಟು ಬೇಕು, ಪಕ್ಕದ ಬೋರುಗಳಿಂದ ಎಷ್ಟು ಅಂತರ, ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಹೇಗಿದೆ ಎಂಬುದನ್ನೆಲ್ಲ ನೋಡಿಯೇ ಅನುಮತಿ ಕೊಡುತ್ತಾರೆ. ಉದ್ದೇಶವನ್ನು ನಿಜವಾಗಿ ಬರೆಯಿರಿ. ಕೃಷಿಗೆಂದು ಅನುಮತಿ ಪಡೆದು ಟ್ಯಾಂಕರ್‌ಗೆ ನೀರು ಮಾರಿದರೆ ಅದು ಷರತ್ತಿನ ಉಲ್ಲಂಘನೆ.

ಅಧಿಸೂಚಿತ ಪ್ರದೇಶವಲ್ಲದಿದ್ದರೂ ಒಂದು ಕೆಲಸ ತಪ್ಪುವುದಿಲ್ಲ. ಕೊರೆಸುವ ಕನಿಷ್ಠ 15 ದಿನ ಮೊದಲು ಸ್ಥಳೀಯ ಆಡಳಿತಕ್ಕೆ ಲಿಖಿತವಾಗಿ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ನಿರ್ದೇಶನ ಕೊಟ್ಟಿದೆ. ಪಂಚಾಯಿತಿಗೆ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ‘ಹೇಳೀನಿ ಸಾಹೇಬ್ರಿಗೆ’ ಎಂದರೆ ನಾಳೆ ತಕರಾರು ಬಂದಾಗ ಯಾರೂ ಒಪ್ಪುವುದಿಲ್ಲ.

ಪಾಯಿಂಟ್

ತೆಂಗಿನಕಾಯಿ ಹಿಡಿದು ನಡೆದು ನೀರಿರುವ ಜಾಗ ತೋರಿಸುವವರ ಮೇಲೆ ಅನೇಕರಿಗೆ ನಂಬಿಕೆ. ಆ ನಂಬಿಕೆಯ ಮೇಲೆ ಸಾಲ ಮಾಡಿದವರ ಬಗ್ಗೆ ನನಗೆ ಕಳವಳವಿದೆ. ನಮ್ಮ ಭಾಗದ ತಳದಲ್ಲಿರುವುದು ಬಹುಪಾಲು ಗ್ರಾನೈಟ್, ನೈಸ್‌ನಂಥ ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲಿನ ಸವೆದ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆಯಾಗುತ್ತವೆ. ಆದ್ದರಿಂದ ‘ಇನ್ನೊಂದು ನೂರಡಿ ಹೋಗಲಿ’ ಎಂಬ ಏಜೆಂಟನ ಮಾತಿಗೆ ತಲೆಯಾಡಿಸುವ ಮುನ್ನ ಯೋಚಿಸಿ. ನೆಲಕ್ಕೆ ವಿದ್ಯುತ್ ಹರಿಸಿ ಒಳಗಿನ ಕಲ್ಲಿನ ರೋಧ ಅಳೆಯುವ ಪರೀಕ್ಷೆಯಿದೆ. ಭೂವಿಜ್ಞಾನಿಯಿಂದ ಇದನ್ನು ಮಾಡಿಸಿದರೆ ಎಷ್ಟು ಆಳದಲ್ಲಿ ನಿಲ್ಲಿಸಬೇಕೆಂಬ ಅಂದಾಜಾದರೂ ಸಿಗುತ್ತದೆ.

ಲಾರಿ ಬಂದ ದಿನ

ಯಂತ್ರ ನೋಂದಣಿಯಾಗಿದೆಯೇ, ಪ್ರಮಾಣಪತ್ರ ತೋರಿಸಲು ಹೇಳಿ. ದರವನ್ನು ಬರೆಸಿಕೊಳ್ಳಿ. ಅಡಿಗೆ ಇಷ್ಟು ಎಂಬುದು ಆಳ ಹೆಚ್ಚಿದಂತೆ ಏರುತ್ತಾ ಹೋಗುತ್ತದೆ, ಮಣ್ಣು ಕುಸಿಯದಂತೆ ಬೋರಿನೊಳಗೆ ಇಳಿಸುವ ಕೇಸಿಂಗ್ ಪೈಪಿನ ದರ ಬೇರೆ. ಮಾಲೀಕರ ಮತ್ತು ಏಜೆನ್ಸಿಯ ಹೆಸರು, ವಿಳಾಸ ಇರುವ ಫಲಕ ಅಲ್ಲಿ ಇರಬೇಕು, ಸುತ್ತ ಮುಳ್ಳುತಂತಿ ಬೇಲಿ ಇರಬೇಕು.

ಒಂದು ರಾಡಿನ ಉದ್ದವನ್ನು ಟೇಪು ಹಿಡಿದು ಅಳೆದುಕೊಳ್ಳಿ. ಆಮೇಲೆ ಮನೆಯವರೊಬ್ಬರು ಕೂತು, ಇಳಿದ ಪ್ರತಿ ರಾಡಿಗೂ ನೋಟುಬುಕ್ಕಿನಲ್ಲಿ ಗೀಟು ಹಾಕಲಿ. ರಾತ್ರಿ ಕೊರೆದರೂ ಸರಿ, ಎದ್ದು ಹೋಗಬಾರದು. ಗೀಟಿನ ಪಕ್ಕದಲ್ಲೇ ಹೊರಬರುವ ಧೂಳಿನ ಬಣ್ಣ ಬರೆಯಿರಿ: ಕೆಂಪು ಮಣ್ಣು ಮುಗಿದು ಬೂದುಬಣ್ಣದ ಕಲ್ಲಿನ ಪುಡಿ ಯಾವ ಅಡಿಯಲ್ಲಿ ಶುರುವಾಯಿತು, ಧೂಳು ಒದ್ದೆಯಾಗಿ ಕೆಸರಿನಂತೆ ಬಂದದ್ದು ಎಲ್ಲಿ, ನೀರು ಚಿಮ್ಮಿದ್ದು ಎಲ್ಲಿ. ಬಿಲ್ಲು ಬಂದಾಗ ಅಡಿಯ ಲೆಕ್ಕ ತಾಳೆ ನೋಡಲು ಈ ಪುಟವೇ ಸಾಕ್ಷಿ. ಮೋಟಾರನ್ನು ಎಷ್ಟು ಆಳಕ್ಕೆ ಇಳಿಸಬೇಕೆಂದು ತೀರ್ಮಾನಿಸುವುದಕ್ಕೂ ಅದೇ ಆಧಾರ. ಕೇಸಿಂಗ್ ಗಟ್ಟಿ ಕಲ್ಲಿನ ಮೇಲೆ ಕೂತಿದೆಯೇ ಎಂಬುದನ್ನು ಖಂಡಿತ ಕೇಳಿ. ಅರ್ಧದಲ್ಲಿ ನಿಂತರೆ ಮಣ್ಣು ಕುಸಿಯುತ್ತದೆ, ಮೇಲಿನ ಹೊಲಸು ನೀರೂ ಒಳಗಿಳಿಯುತ್ತದೆ.

ಬಾಯಿ ಮುಚ್ಚುವುದು

ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಇರಕೂಡದು. ರಾಯಚೂರು ಜಿಲ್ಲೆಯ ನೀರಮಾನ್ವಿಯಲ್ಲಿ 2007ರಲ್ಲಿ ಒಂದು ಮಗು ಬೋರಿನೊಳಗೆ ಬಿದ್ದು ಸತ್ತಿತು. ಆಮೇಲೂ ರಾಜ್ಯದಲ್ಲಿ ಇಂಥವು ನಿಲ್ಲಲಿಲ್ಲ.

ನೀರು ಬಂದ ಬೋರಿನ ಕೇಸಿಂಗ್ ಸುತ್ತ ಅರ್ಧ ಮೀಟರ್ ಉದ್ದಗಲದ ಕಾಂಕ್ರೀಟ್ ಕಟ್ಟೆ ಬೇಕು. ಅದು 30 ಸೆಂ.ಮೀ. ನೆಲದ ಮೇಲೆ, 30 ಸೆಂ.ಮೀ. ನೆಲದೊಳಗೆ ಇರಬೇಕು. ಕೇಸಿಂಗ್ ಬಾಯಿಗೆ ಉಕ್ಕಿನ ತಟ್ಟೆ ವೆಲ್ಡಿಂಗ್ ಮಾಡಿಸಿ, ಇಲ್ಲವೇ ನಟ್ಟು ಬೋಲ್ಟಿನ ಮುಚ್ಚಳ ಹಾಕಿಸಿ. ಮೋಟಾರು ರಿಪೇರಿಗೆ ಎತ್ತಿದ ದಿನವೂ ಬಾಯಿ ತೆರೆದಿರಬಾರದು. ಚಪ್ಪಡಿ ಕಲ್ಲು, ಗೋಣಿಚೀಲ, ಮುಳ್ಳಿನ ಕಂಟಿ ಯಾವುದೂ ಮುಚ್ಚಳವಾಗುವುದಿಲ್ಲ.

ಫೇಲಾದ ಬೋರನ್ನು ಜೇಡಿಮಣ್ಣು, ಮರಳು, ಕಲ್ಲು, ಕೊರೆದಾಗ ಬಂದ ಪುಡಿ ಹಾಕಿ ತಳದಿಂದ ನೆಲಮಟ್ಟದವರೆಗೂ ತುಂಬಿಸಬೇಕು. ಎಷ್ಟೋ ಕಡೆ ಏಜೆನ್ಸಿಯವರು ಕೇಸಿಂಗ್ ಕಿತ್ತುಕೊಂಡು ಹೋಗುತ್ತಾರೆ, ಬಾಯಿ ಬಾಯಿಯಾಗಿಯೇ ಉಳಿಯುತ್ತದೆ. ಲಾರಿ ಹೊಲ ಬಿಡುವ ಮೊದಲೇ ಮುಚ್ಚಿಸಿ, ಅಲ್ಲಿಯವರೆಗೆ ಬಾಕಿ ಹಣ ಕೊಡಬೇಡಿ. ಬೋರು ಮುಚ್ಚದೆ ಬಿಟ್ಟವರಿಗೆ ಜೈಲು ಶಿಕ್ಷೆ ವಿಧಿಸಲು 2011ರ ಕಾಯ್ದೆಯ 2024ರ ತಿದ್ದುಪಡಿ ದಾರಿ ಮಾಡಿದೆ.

ನೀರು ಕುಡಿಯುವ ಮುನ್ನ

ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂದು ನೇರ ಮನೆಗೆ ಒಯ್ಯಬೇಡಿ. ಕುಷ್ಟಗಿ, ಯಲಬುರ್ಗಾ ಭಾಗದ ಬೋರುಗಳಲ್ಲಿ ಫ್ಲೋರೈಡ್ ಹಳೆಯ ಪಿಡುಗು. ಲೀಟರಿಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ಮೂಲವೇ ಇಲ್ಲದಿದ್ದರೆ ಗರಿಷ್ಠ 1.5. ಅದನ್ನು ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತವೆ, ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ರಾಯಚೂರಿನ ಹಟ್ಟಿ ಸುತ್ತಮುತ್ತ ಆರ್ಸೆನಿಕ್ ಪರೀಕ್ಷೆಯನ್ನೂ ಮಾಡಿಸಿ. ಕಾಲು ತಾಸು ಮೋಟಾರು ಓಡಿಸಿ, ಶುಭ್ರ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು ತುಂಬಿ, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ.

ವಿದ್ಯುತ್ ಸಂಪರ್ಕಕ್ಕೆ ಜೆಸ್ಕಾಂನಲ್ಲಿ ಅರ್ಜಿ ಹಾಕಿ ಆರ್‌ಆರ್ ನಂಬರ್ ಪಡೆಯಿರಿ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಇರುವುದು ಸಕ್ರಮ ಸಂಪರ್ಕಕ್ಕೆ.

ಬರ ಘೋಷಣೆಯಾದ ವರ್ಷ ಕುಡಿಯುವ ನೀರಿನ ಮೂಲದ ಸುತ್ತಲಿನ ಖಾಸಗಿ ಬೋರುಗಳಿಂದ ನೀರೆತ್ತುವುದನ್ನು ನಿರ್ಬಂಧಿಸುವ ಅಧಿಕಾರ ಆಡಳಿತಕ್ಕಿದೆ. ಪಂಚಾಯಿತಿ ನಿಮ್ಮ ಬೋರನ್ನು ಬಾಡಿಗೆಗೆ ಕೇಳಿದರೆ ದಯವಿಟ್ಟು ಕೊಡಿ, ಆದರೆ ದರ ಮತ್ತು ಅವಧಿಯನ್ನು ಕಾಗದದಲ್ಲಿ ಬರೆಸಿಕೊಳ್ಳಿ.

ಹಳೆಯ ಬೋರನ್ನೇ ಇನ್ನಷ್ಟು ಆಳ ಮಾಡಿಸುವುದೂ ಕಾನೂನಿನ ಕಣ್ಣಿನಲ್ಲಿ ಬಾವಿ ತೋಡಿದಂತೆಯೇ. ಅದಕ್ಕೂ 500 ಮೀಟರ್ ಅಳತೆ, ಅರ್ಜಿ, ಸೀಲು ಹಾಕಿದ ಪ್ರತಿ ಎಲ್ಲವೂ ಬೇಕು.