ಗೇಮಿಂಗ್ ಪಿಸಿಗೆ ವಿಂಡೋಸಾ, ಲಿನಕ್ಸಾ?

ರಾಯಚೂರಿನ ಗೆಳೆಯರೇ, ಪಿಸಿ ಕಟ್ಟಿಸುವ ಮುಂಚೆ ಯಾವ್ಯಾವ ಗೇಮ್ ಆಡುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದರಲ್ಲಿ ವ್ಯಾಲೊರಂಟ್ ಇದ್ದರೆ ವಿಂಡೋಸ್ 11 ಹಾಕಿಸಿ, ಬೇರೆ ದಾರಿ ಇಲ್ಲ. ಅದರ ಆ್ಯಂಟಿ-ಚೀಟ್ (ಆಟದಲ್ಲಿ ಮೋಸ ತಡೆಯುವ ತಂತ್ರಾಂಶ) ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಬಯಾಸ್‌ನಲ್ಲಿ (ಪಿಸಿ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳೂ ಆನ್ ಇರಬೇಕು. ಇದು ಗೊತ್ತಿಲ್ಲದೆ ನಾನು ಒಂದು ಭಾನುವಾರ ಪೂರ್ತಿ ಹಾಳು ಮಾಡಿಕೊಂಡೆ. ನಮ್ಮೂರ ಬಿಸಿಲಿಗೆ ಹೊರಗೂ ಹೋಗುವಂತಿರಲಿಲ್ಲ ಬಿಡಿ!

ಡೋಟಾ 2, ಕೌಂಟರ್-ಸ್ಟ್ರೈಕ್ 2 ಮಾತ್ರ ಸಾಕು ಅಂದರೆ ಲಿನಕ್ಸ್ ನೋಡಬಹುದು, ಅವೆರಡೂ ಅದರಲ್ಲಿ ನೇರವಾಗಿ ಓಡುತ್ತವೆ. ಲಿನಕ್ಸ್ ಉಚಿತ, ದುಡ್ಡೂ ಉಳಿಯುತ್ತೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯ ಬೇರೆ ಗೇಮ್‌ಗಳಿಗೆ ಪ್ರೋಟಾನ್ ಇದೆ, ಅದು ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ತಂತ್ರಾಂಶ. ಯಾವುದು ಓಡುತ್ತೆ ಅಂತ ಪ್ರೋಟಾನ್‌ಡಿಬಿ ವೆಬ್‌ಸೈಟ್‌ನಲ್ಲಿ ಹುಡುಕಿ.

ವಿಂಡೋಸ್ 10 ಮಾತ್ರ ಬೇಡ. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಅಂಗಡಿಯವರು ಸುಮ್ನೆ ಹಾಕಿಕೊಟ್ಟಾರು, ಮೊದಲೇ ಹೇಳಿಬಿಡಿ.